ಹೊಸ್ತಿಲ ಚಿತ್ರಕ್ಕೊಂದು ಹೆಸರು

ಯಾರ ಮನೆಗೆ ಹೋದರೂ ಹೊಸ್ತಿಲ ಮುಂದೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಬಲಗೈಯಿಂದ ಬಾಗಿಲ ಚೌಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಬಲಗಾಲನ್ನೆತ್ತಿ ಒಳಗಿಡುತ್ತೇನೆ. ಮೊದಲು ಇದು ಪೂರ್ತಿ ಭಕ್ತಿಯಿಂದ ನಡೆಯುತ್ತಿತ್ತು. ಈಗ ಅರ್ಧ ಭಕ್ತಿ, ಅರ್ಧ ಮೊಣಕಾಲು. ಹಾನಗಲ್ಲಿನಲ್ಲಿ ನಾನು ಪಿಂಚಣಿಗೆ ಹೋಗುವ ಬ್ಯಾಂಕಿಗೆ ಇತ್ತೀಚೆಗೆ ಗಾಜಿನ ಬಾಗಿಲು ಹಾಕಿಸಿದ್ದಾರೆ. ಅದಕ್ಕೆ ಹೊಸ್ತಿಲಿಲ್ಲ. ಮೊದಲ ದಿನ ಅಲ್ಲಿಯೂ ನಿಂತುಬಿಟ್ಟೆ. ಮುಟ್ಟಲು ಚೌಕಟ್ಟು ಸಿಗಲಿಲ್ಲ, ದಾಟಲು ಹೊಸ್ತಿಲು ಕಾಣಲಿಲ್ಲ, ಹಿಂದೆ ಸಾಲು ಬೆಳೆಯಿತು. ಕಾವಲಿನವನು ಬಂದು ಮೆಲ್ಲಗೆ, "ಅಜ್ಜಾರ, ಏನರ ಕಳಕೊಂಡೀರೇನ್ರಿ?" ಎಂದ.

"ಹೊಸ್ತಿಲು ಹುಡುಕಾಕತ್ತೇನಪ್ಪ" ಎಂದೆ.

"ಅದು ಒಳಗ ಮ್ಯಾನೇಜರ್ ಸಾಹೇಬ್ರ ಕಡೆ ಇರಬಹುದು, ಬರ್ರಿ" ಎಂದು ರಟ್ಟೆ ಹಿಡಿದು ಒಳಗೆ ಬಿಟ್ಟ.

ನಾನು ಬೆಳೆದದ್ದು ಹತ್ತಿಮತ್ತೂರಿನಲ್ಲಿ. ಅಲ್ಲಿನ ನಮ್ಮ ಮನೆಯ ಹೊಸ್ತಿಲು ಮೊಳಕಾಲೆತ್ತರದ್ದು. ಅದನ್ನು ದಾಟಲು ಕಲಿತ ದಿನವೇ ಮಕ್ಕಳಿಗೆ ನಡಿಗೆ ಬಂತೆಂದು ಲೆಕ್ಕ. ನಸುಕಿನಲ್ಲಿ ಅವ್ವ ಕೆಮ್ಮಣ್ಣನ್ನು ಅರೆದು ನೀರಿನಲ್ಲಿ ಕಲಸಿ ಹೊಸ್ತಿಲಿಗೆ ಬಳಿಯುತ್ತಿದ್ದಳು. ಅದು ಆರುವ ಮೊದಲೇ ಬೆರಳಿನಿಂದ ಬಿಳಿಯ ಎಳೆಗಳನ್ನು ಎಳೆದು, ಎರಡು ತುದಿಗೂ ಅರಿಷಿಣ ಕುಂಕುಮವಿಟ್ಟು, ಒಂದು ಹೂವನ್ನಿಟ್ಟು ಕೈಮುಗಿಯುತ್ತಿದ್ದಳು. ಅಪ್ಪನ ಲಿಂಗಪೂಜೆ ಅದಾದ ಮೇಲೆಯೇ. ದೇವರು ಒಳಗೆ ಬರುವ ದಾರಿಯನ್ನು ಮೊದಲು ಸಾರಿಸಬೇಕಲ್ಲವೆ? ಹೊಸ್ತಿಲಿಗೆ ಸಂಬಂಧಿಸಿದ ನಿಷೇಧಗಳು ಬೇಕಾದಷ್ಟಿದ್ದವು. ಅದರ ಮೇಲೆ ಕೂರಬಾರದು, ನಿಂತು ಸೀನಬಾರದು, ಒಳಗಿನವರು ಹೊರಗಿನವರಿಗೆ ಅದರ ಮೇಲಿನಿಂದ ಉಪ್ಪು ನೀಡಬಾರದು. ನಾನೂ ನನ್ನ ಅಕ್ಕ ನೀಲವ್ವಳೂ ಅವ್ವನನ್ನು ಕೆಣಕುವುದಕ್ಕೆಂದೇ ಒಂದು ಕಾಲನ್ನು ಒಳಗೂ ಇನ್ನೊಂದನ್ನು ಹೊರಗೂ ಇಟ್ಟು ನಿಲ್ಲುತ್ತಿದ್ದೆವು. ಅವ್ವ ಲಟ್ಟಣಿಗೆ ಹಿಡಿದು ಬರುತ್ತಿದ್ದಳು: "ಹಂಗ ನಿಂತವ್ರು ಒಳಗೂ ಸಲ್ಲೂದಿಲ್ಲ, ಹೊರಗೂ ಸಲ್ಲೂದಿಲ್ಲ. ಇಳೀರಿ ಕೆಳಗ."

ಇನ್ನೊಂದು ಪದ್ಧತಿಯನ್ನೂ ಇಲ್ಲಿಯೇ ಹೇಳಿಬಿಡುವೆ. ಹೊಸ್ತಿಲನ್ನು ಸಾರಿಸುವ ಹಕ್ಕು ಮನೆಯೊಡತಿಯದು. ಅತ್ತೆಯ ಸೊಂಟ ಗಟ್ಟಿಯಿರುವ ತನಕ ಅತ್ತೆ, ಆಮೇಲೆ ಸೊಸೆ. ತವರಿಗೆ ಬಂದ ಹೆಣ್ಣುಮಗಳು ಅಡುಗೆ ಮಾಡಬಹುದು, ಕಸ ಗುಡಿಸಬಹುದು, ದೇವರ ದೀಪವನ್ನೂ ಹಚ್ಚಬಹುದು. ಹೊಸ್ತಿಲನ್ನು ಮಾತ್ರ ಮುಟ್ಟುವುದಿಲ್ಲ. ಅವಳ ಹೊಸ್ತಿಲು ಬೇರೆ ಊರಿನಲ್ಲಿದೆ ಎಂಬುದು ಅದರ ಅರ್ಥ.

ಮುಂದೆ ಮಠದ ಪಾಠಶಾಲೆಯಲ್ಲಿ ಗುರುಗಳು ನನಗೆ ದೇಹಲೀದೀಪನ್ಯಾಯವನ್ನು ಹೇಳಿಕೊಟ್ಟರು. ಹೊಸ್ತಿಲ ಮೇಲಿಟ್ಟ ದೀಪ ಒಳಗನ್ನೂ ಬೆಳಗುತ್ತದೆ, ಹೊರಗನ್ನೂ ಬೆಳಗುತ್ತದೆ. ಒಂದೇ ಪದ ಎರಡು ವಾಕ್ಯಗಳಿಗೆ ಸಲ್ಲುವುದನ್ನು ವಿವರಿಸಲು ಪಂಡಿತರು ಹೇಳುವ ದೃಷ್ಟಾಂತವದು. ಶಿಗ್ಗಾವಿಯ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸುವಾಗ ಇದನ್ನು ಅಗತ್ಯವಿದ್ದಲ್ಲಿಯೂ ಇಲ್ಲದಲ್ಲಿಯೂ ಹೇಳಿ ಹೇಳಿ, ಹುಡುಗರು ನನಗೆ 'ದೀಪದ ಮಾಸ್ತರ' ಎಂದು ಹೆಸರಿಟ್ಟಿದ್ದರು.

ಆ ಹುಡುಗರಲ್ಲೊಬ್ಬ ಸವಣೂರಿನ ದಾದಾಪೀರ. ಅವನಿಗೂ ಈಗ ಗಡ್ಡ ನರೆತಿದೆ. ಸವಣೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ ಮುಂಜಿಗಳ ಚಿತ್ರ ಹೊಟ್ಟೆಪಾಡಿಗೆ, ಹಾಳುಬಿದ್ದ ಕಟ್ಟಡಗಳ ಚಿತ್ರ ಮನಸ್ಸಿನ ಪಾಡಿಗೆ. ಹೋದ ತಿಂಗಳು ಒಂದು ಕಟ್ಟು ಸವಣೂರಿನ ವೀಳ್ಯದೆಲೆಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದ. ಜಗುಲಿಯ ಮೇಲೆ ಕುಳಿತು ಮೊಬೈಲನ್ನು ನನ್ನ ಕೈಗೆ ಕೊಟ್ಟ.

"ಸರ್, ಒಂದು ಹಳೇ ಹುಚ್ಚರ ಆಸ್ಪತ್ರಿ. ಹೆಣ್ಣುಮಕ್ಕಳ ವಾರ್ಡು. ಹೊಸಾ ಬಿಲ್ಡಿಂಗ್ ಆದ ಮ್ಯಾಲೆ ಇದಕ್ಕ ಬೀಗ ಹಾಕ್ಯಾರ. ಮುಂದಿನ ತಿಂಗಳು ಕೆಡವ್ತಾರಂತ. ಅದರೊಳಗ ಪರ್ಮಿಶನ್ ತಗೊಂಡು ಫೋಟೋ ಹೊಡಕೊಂಡು ಬಂದೇನಿ. ಶಿಗ್ಗಾವ್ಯಾಗ ದೊಡ್ಡ ದೊಡ್ಡ ಪ್ರಿಂಟ್ ಹಾಕಿ ಪ್ರದರ್ಶನ ಮಾಡೂದೈತ್ರಿ. ಒಂದೊಂದಕ್ಕ ಒಂದೊಂದು ಕನ್ನಡ ಹೆಸರು ನೀವು ಬರದು ಕೊಡಬೇಕು."

ಯಾವ ಊರಿನದೆಂದು ಕೇಳಿದೆ. ಹೇಳಿದ. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಬಹುಕಾಲದಿಂದ ಯಾರೂ ಉಚ್ಚರಿಸಿಲ್ಲ.

ಓದುಗರಿಂದ ಕಾರಣವನ್ನು ಮುಚ್ಚಿಡಲಾರೆ. ಮುಚ್ಚಿಡುವುದಕ್ಕೂ ಶಕ್ತಿ ಬೇಕು. ಅದು ನನ್ನಲ್ಲಿ ಈಗ ಉಳಿದಿಲ್ಲ. ನೀಲಕ್ಕನನ್ನು ಹಿರೇಕೆರೂರ ಸೀಮೆಯ ಹಂಸಭಾವಿಗೆ ಕೊಟ್ಟಿದ್ದೆವು. ಮೊದಲ ಕೂಸು ಹುಟ್ಟುವಾಗಲೇ ತೀರಿಕೊಂಡಿತು. ಅಂದಿನಿಂದ ಅವಳು ಮಾತು ಬಿಟ್ಟಳು. ಬೆಳಗಿನಿಂದ ಬೈಗಿನವರೆಗೆ ಗಂಡನ ಮನೆಯ ಹೊಸ್ತಿಲ ಮೇಲೆ ಕುಳಿತಿರುತ್ತಿದ್ದಳಂತೆ. ಒಳಗೆ ಹೋಗುವವರು, ಹೊರಗೆ ಬರುವವರು ಅವಳನ್ನು ದಾಟಿಕೊಂಡೇ ಓಡಾಡಬೇಕು. ಮನೆಯವರು ಕೆಲವು ತಿಂಗಳು ಸಹಿಸಿದರು, ಆಮೇಲೆ ಆ ಊರಿನ ಆಸ್ಪತ್ರೆಗೆ ಸೇರಿಸಿದರು, ಆಮೇಲೆ ಮಗನಿಗೆ ಬೇರೆ ಮದುವೆ ಮಾಡಿದರು. ಅಪ್ಪ ನಮ್ಮ ಊರಿನಲ್ಲಿ, ಮಗಳು ಮಠವೊಂದರಲ್ಲಿ ಸೇವೆಗೆ ನಿಂತಿದ್ದಾಳೆ ಎಂದು ಹೇಳಿದ. ಆ ಸುಳ್ಳನ್ನು ಅಪ್ಪ ಎಷ್ಟು ಶ್ರದ್ಧೆಯಿಂದ ಹೇಳುತ್ತಿದ್ದನೆಂದರೆ ಕೊನೆಕೊನೆಗೆ ಆ ಮಠದ ದಾಸೋಹದ ಸಾರನ್ನೂ ವರ್ಣಿಸುತ್ತಿದ್ದ. ಮತ್ತೆ ಮತ್ತೆ ಅಪ್ಪನೂ ನಾನೂ ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದೆವು. ಆಗಿನ ಕಟ್ಟಳೆಯಂತೆ ಗಂಡಸರು ಹೊರಗಿನ ಪಡಸಾಲೆಯವರೆಗೆ ಮಾತ್ರ. ಒಳಗಿನ ವಾರ್ಡನ್ನು ನಾವು ಕಂಡವರಲ್ಲ. ಅಕ್ಕ ಬಂದು ಎದುರು ಕುಳಿತು ರೊಟ್ಟಿ ತಿಂದು ಒಳಗೆ ಹೋಗುತ್ತಿದ್ದಳು. ಬರಬರುತ್ತಾ ಮಾತನಾಡತೊಡಗಿದಳು. ವೈದ್ಯರು ಗುಣವಾಗಿದೆ ಎಂದಾಗ ಅಪ್ಪ ಇರಲಿಲ್ಲ. ನಾನು ಹೋಗಿ ಕರೆತಂದೆ. ಅಂದಿನಿಂದ ನಮ್ಮಲ್ಲಿದ್ದಾಳೆ. ಶಾಂತವಾಗಿದ್ದಾಳೆ. ಆ ಶಾಂತಿಯನ್ನು ಕಲಕಬಾರದೆಂಬುದೊಂದೇ ನಮ್ಮ ಮನೆಯ ನಿಯಮ. ಅಪ್ಪನ ಮಠವೂ ಹಾಗೆಯೇ ಉಳಿದುಕೊಂಡಿದೆ. ದಾದಾಪೀರನಿಗೂ ತಿಳಿದಿರುವುದು ಆ ಮಠವೇ.

ನಾನು ಚಿತ್ರಗಳನ್ನು ನೋಡಿದೆ. ಸುಣ್ಣ ಹಪ್ಪಳದಂತೆ ಎದ್ದ ಗೋಡೆ. ಸಾಲಾಗಿ ಕಬ್ಬಿಣದ ಮಂಚಗಳು. ಕಿಟಕಿಯೊಳಗಿಂದ ತೂರಿ ಬಂದ ಆಲದ ಕೊಂಬೆ. ಒಂಟಿ ಚಪ್ಪಲಿ. ಯಾವ ಮಂಚದ ಮೇಲೆ ಅಕ್ಕ ಮಲಗಿದ್ದಳೋ ಎಂದು ಕಣ್ಣು ತನ್ನಷ್ಟಕ್ಕೆ ಹುಡುಕುತ್ತಿತ್ತು. ಚಿತ್ರಗಳನ್ನು ದಾದಾಪೀರ ಆಗಲೇ ಮೊಬೈಲಿನಲ್ಲಿ ಊರಿಗೆಲ್ಲ ಹಂಚಿದ್ದ. ಕೆಳಗೆ ನೋಡಿದವರ ಅಭಿಪ್ರಾಯಗಳಿದ್ದವು. ಒಬ್ಬ 'ಅದ್ಭುತ' ಎಂದಿದ್ದ. ಒಬ್ಬಳು ಕೆಂಪು ಹೃದಯವನ್ನು ಇಟ್ಟಿದ್ದಳು. ಕತ್ತಲಾದ ಮೇಲೆ ಒಳಗೆ ಹೋಗುವ ಧೈರ್ಯ ಯಾರಿಗಿದೆ ಎಂದು ಒಬ್ಬ ಸವಾಲು ಹಾಕಿದ್ದ. ಮದುವೆಗೆ ಮುಂಚಿನ ಜೋಡಿಚಿತ್ರ ತೆಗೆಸಲು ಬಾಡಿಗೆಗೆ ಕೊಡುವರೇ ಎಂದು ಇನ್ನೊಬ್ಬನ ವಿಚಾರಣೆ. ಹತ್ತಿರದಲ್ಲಿ ಚಹಾ ಸಿಗುತ್ತದೆಯೇ ಎಂದು ಕೇಳಿದವನೂ ಇದ್ದ; ಅವನೊಬ್ಬನೇ ನನಗೆ ಮನುಷ್ಯನಂತೆ ಕಂಡ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಕೂಡ ದೂರದ ಊರಿನ ಬಸ್ಸಿನಂತೆ. ಕಾದು ಕುಳಿತರೂ ಬರುವ ಭರವಸೆಯಿಲ್ಲ. ದಣಿವೊಂದೇ ಬಂತು.

"ಇದನ್ನ ನೋಡ್ರಿ ಸರ್, ಎಲ್ಲಾರೂ ಹೌಹಾರಿದ್ದು ಇದಕ್ಕ" ಎಂದು ದಾದಾಪೀರ ಕೊನೆಯ ಚಿತ್ರವನ್ನು ತೆರೆದ.

ವಾರ್ಡಿನ ಒಳಬಾಗಿಲು. ಕಟ್ಟಿಗೆಯ ಹೊಸ್ತಿಲು ಕಡುಗೆಂಪಾಗಿತ್ತು. ಎಡಗಡೆಯ ಚೌಕಟ್ಟಿನ ಮೇಲೆ ಕೆಂಪು ಕೈಗುರುತುಗಳು, ಮೇಲಿನಿಂದ ಕೆಳಗಿನವರೆಗೆ ಒಂದರ ಕೆಳಗೊಂದು. ಪ್ರತಿ ಕೈಗೂ ನಾಲ್ಕೇ ಬೆರಳು. ಕೆಳಗೆ ನೋಡಿದವರು ಬರೆದದ್ದು: 'ರಕ್ತದ ಹೊಸ್ತಿಲು', 'ನಾಲ್ಕು ಬೆರಳಿನ ದೆವ್ವ', 'ಸಾಯುವ ಮುನ್ನ ಬಾಗಿಲು ಬಡಿದಿದ್ದಾಳೆ'.  ಅಕ್ಕ ದಿನವೂ ದಾಟುತ್ತಿದ್ದ ಬಾಗಿಲು ಇದೇ ಏನು? ಆ ಪಡಸಾಲೆಯ ಹಿಂದೆ ಇಂಥದು ನಡೆದಿತ್ತೇ, ಅವಳು ಅದನ್ನು ಕಂಡೂ ನಮಗೆ ಹೇಳಲಿಲ್ಲವೇ?

"'ರಕ್ತದ ಹೊಸ್ತಿಲು' ಅಂತನ ಇಡೂನೇನ್ರಿ? ಇಲ್ಲಾ ನೀವು ಚಲೋದೊಂದು ಸಂಸ್ಕೃತದ್ದು..." ಎನ್ನುತ್ತಿದ್ದ ದಾದಾಪೀರ.

ಅಷ್ಟರಲ್ಲಿ ಎಲೆಯ ವಾಸನೆ ಹಿಡಿದು ಅಕ್ಕ ಹೊರಗೆ ಬಂದಳು. ಸವಣೂರಿನ ಎಲೆ ಎಂದರೆ ಅವಳಿಗೆ ಪ್ರಾಣ. ನಾನು ಮೊಬೈಲನ್ನು ಧೋತರದ ಮಡಿಕೆಯಲ್ಲಿ ಅಡಗಿಸಲು ಹೋದೆ. ಗಡಿಬಿಡಿಯಲ್ಲಿ ಅದು ಜಾರಿ, ನೆಲಕ್ಕೆ ಬಿದ್ದು, ಮುಖ ಮೇಲೆ ಮಾಡಿ ಅವಳ ಕಾಲ ಬುಡದಲ್ಲಿಯೇ ನಿಂತಿತು. ಜೀವಮಾನದಲ್ಲಿ ನಾನು ಏನನ್ನೂ ಚೆನ್ನಾಗಿ ಅಡಗಿಸಿದವನಲ್ಲ.

ಅಕ್ಕ ಬಾಗಿ ಎತ್ತಿಕೊಂಡಳು. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ನನ್ನ ಸೊಸೆ ಸುಮಾ ಚಹಾ ತಂದವಳು ಚಿತ್ರ ಯಾವುದೆಂದು ನನ್ನ ಮುಖದಿಂದಲೇ ತಿಳಿದು ಬಾಗಿಲಲ್ಲಿ ನಿಂತುಬಿಟ್ಟಳು. ಅಕ್ಕ ಅಂದಳು:

"ನನ್ನ ಹೊಸ್ತಿಲು."

 ದಾದಾಪೀರ ನನ್ನತ್ತ ನೋಡಿದ. ನಾನು ಎಲೆಯ ಕಟ್ಟಿನತ್ತ ನೋಡಿದೆ.

"ಅಕ್ಕಾ, ಒಳಗ ನಡಿ, ಬಿಸಲೈತಿ" ಎಂದೆ.

"ನನಗೇನೂ ಆಗಿಲ್ಲ ತಮ್ಮಾ. ನೀ ಅಂಜಬ್ಯಾಡ" ಎಂದು ಅವಳು ಜಗುಲಿಯ ಮೇಲೆ ಕುಳಿತಳು. ಆಮೇಲೆ ದಾದಾಪೀರನ ಕಡೆಗೆ ತಿರುಗಿ, "ನಾ ಇಲ್ಲೇ ಇದ್ದೆಪ್ಪ. ಮಠದಾಗ ಅಲ್ಲ. ನಮ್ಮಪ್ಪ ಪಾಪ ಹಂಗ ಹೇಳತಿದ್ದ" ಎಂದಳು.

ನಾವು ಕುಟುಂಬದವರೆಲ್ಲ ಸೇರಿ ಇಷ್ಟು ಕಾಲ ಹೊತ್ತ ಮಠವನ್ನು ಅವಳು ಎಲೆಯ ತೊಟ್ಟು ಮುರಿಯುತ್ತ ಕೆಳಗಿಳಿಸಿದಳು. ಇಳಿದ ಮೇಲೆ ನನಗೆ ತಿಳಿಯಿತು, ಹೆಗಲು ಎಷ್ಟು ನೋಯುತ್ತಿತ್ತೆಂದು.

"ಇದು ರಕ್ತ ಅಲ್ಲೇನ್ರಿ ಅವ್ವಾರ?" ಎಂದು ದಾದಾಪೀರ ಮೆಲ್ಲಗೆ ಕೇಳಿದ.

"ರಕ್ತ ಯಾಕ ಆಗತೈತಿ? ಇಟ್ಟಂಗಿ ಪುಡಿ. ಕೆಮ್ಮಣ್ಣು ಎಲ್ಲಿಂದ ತರೂನು ಅಲ್ಲಿ? ಕಂಪೌಂಡಿನ ಗ್ವಾಡಿ ಬಿದ್ದಿತ್ತು. ಹುಲಗೂರ ಜೈತುನಬಿ ಅಂತ ಇದ್ಲು, ನನ್ನ ಬಾಜೂ ಮಂಚ. ಆಕಿ ಇಟ್ಟಂಗಿ ಚೂರು ಉಡ್ಯಾಗ ಕಟಗೊಂಡು ತಂದು ಕಲ್ಲಿಲೆ ಅರದು ಕೊಡಾಕಿ. ನಾ ನೀರಾಗ ಕಲಸಿ ಬಳ್ಯಾಕಿ. ನರ್ಸಬಾಯಿ ಮೊದಮೊದಲು ಬೈದ್ಲು. ಆಮ್ಯಾಲೆ ತಾನೂ ಚಪ್ಲಿ ತಗದು ದಾಟಾಕ ಹತ್ತಿದ್ಲು."

"ಜೈತುನಬಿ ಬಳೀತಿದ್ದಿಲ್ಲೇನ್ರಿ?" ಎಂದ ದಾದಾಪೀರ.

"ಇಲ್ಲ. 'ನಿಮ್ಮ ದೇವ್ರ ಪೂಜಿ, ನಾ ಕೈ ಹಚ್ಚಿದ್ರ ನಿಂಗ ನಡೀತೈತೋ ಇಲ್ಲೋ, ನಾ ಅರದು ಕೊಡ್ತೇನಿ ಸಾಕು' ಅಂತಿದ್ಲು. ನಾ ಬರೂ ದಿನ ಅತ್ಲು. 'ನೀ ಹೋದ ಮ್ಯಾಲೆ ಹೊಸ್ತಿಲಾ ಯಾರು ನೋಡ್ತಾರ' ಅಂದ್ಲು. ನೀನ ನೋಡು ಅಂದೆ. 'ನನಗ ಎಳಿ ಎಳ್ಯಾಕ ಬರೂದಿಲ್ಲವಾ' ಅಂದ್ಲು. ನಿನಗ ಏನು ಬರತೈತಿ ಅದನ್ನ ಮಾಡು ಅಂದೆ."

ಅಕ್ಕ ಚಿತ್ರದ ಎಡಗಡೆಗೆ ಬೆರಳಿಟ್ಟಳು.

"ಇವು ನಾ ಇದ್ದಾಗ ಇದ್ದಿಲ್ಲ. ಅವರೂರ ಉರುಸಿನಾಗ ದರ್ಗಾದ ಗ್ವಾಡಿಗೆ ಗಂಧದ ಕೈ ಹಚ್ತಾರಲ್ಲ, ಆಕಿಗೆ ಅದು ಬರತಿತ್ತು. ಕಿರುಬೆರಳು ಸಣ್ಣಾಕಿದ್ದಾಗ ಮೇವು ಕತ್ತರಸೂ ಮುಂದ ಹೋಗಿತ್ತು." ಚಿತ್ರದ ಮೇಲೆ ಬೆರಳನ್ನು ಕೆಳಗೆಳೆಯುತ್ತ, "ಮ್ಯಾಲಿನವು ಮಾಸ್ಯಾವ ನೋಡು, ಕೆಳಗಿನವು ಹೊಸಾವು. ವರ್ಷ ಹೋದಂಗ ಆಕಿ ಕೈ ಕೆಳಗ ಕೆಳಗ ಬಂದೈತಿ. ಸೊಂಟ ಬಾಗೈತಿ ಪಾಪ" ಎಂದಳು.

ನಾನು ಮೊಬೈಲನ್ನು ತೆಗೆದುಕೊಂಡು ಮತ್ತೆ ನೋಡಿದೆ. ಮೇಲಿನ ಕೈಗಳು ಆಳೆತ್ತರದಲ್ಲಿದ್ದವು. ಕೊನೆಯದು ನನ್ನ ಮೊಣಕಾಲಿನಷ್ಟು ಎತ್ತರಕ್ಕೆ ಇಳಿದಿತ್ತು. ನೆಲದ ಮೇಲೆ ಕುಳಿತೇ ಒತ್ತಿರಬೇಕು. ಸಾಕ್ಷಿಗೆ ಯಾರೂ ಇಲ್ಲದೆ, ಯಾವ ಶಾಸ್ತ್ರದ ಅಪ್ಪಣೆಯೂ ಇಲ್ಲದೆ, ಇನ್ನೊಬ್ಬಳ ದೇವರಿಗೆ ಕೊಟ್ಟ ಮಾತನ್ನು ಒಬ್ಬಾಕೆ ಮುದಿತನದವರೆಗೆ ನಡೆಸಿಕೊಂಡು ಬಂದಿದ್ದಳು. ನನ್ನ ನಿತ್ಯದ ಪೂಜೆ ನೆನಪಾಯಿತು. ನೆಗಡಿಯಾದ ದಿನಗಳಲ್ಲಿ ನಾನು ಅದನ್ನು ಎಷ್ಟು ಮೊಟಕುಗೊಳಿಸುತ್ತೇನೆಂಬುದೂ ನೆನಪಾಯಿತು.

ದಾದಾಪೀರ ಕಣ್ಣೊರೆಸಿಕೊಂಡ. "ಹಂಗಾದ್ರ ಹೆಸರು ಏನು ಇಡೂನು ಸರ್?"

ವಿದ್ಯೆ ಎಂಬುದು ಇಂಥ ಹೊತ್ತಿನಲ್ಲಿಯೂ ಸುಮ್ಮನಿರುವುದಿಲ್ಲ. ನನ್ನ ತಲೆಯಲ್ಲಿ ಸಮಾಸಗಳು ಸಾಲುಗಟ್ಟಿದವು. "ದೇಹಲೀದೀಪ ಎಂದಿಡಬಹುದು" ಎಂದೆ.

"ದೀಪ ಎಲ್ಲೈತಿ ಅದರಾಗ?" ಎಂದಳು ಅಕ್ಕ.

"ದೀಪ ಅಂದ್ರ, ಭಾವಾರ್ಥ..."

"ಭಾವಾರ್ಥ ಬ್ಯಾಡ. ಇದ್ದದ್ದು ಬರಿ. 'ಹೆಣ್ಣುಮಕ್ಕಳ ಮನಿ ಹೊಸ್ತಿಲು. ಜೈತುನಬಿ, ನೀಲವ್ವ ಸಾರಿಸಿದ್ದು.' ಅಷ್ಟ ಬರಿ."

ನಾನು ತಡವರಿಸಿದೆ. ಶಿಗ್ಗಾವಿಯಲ್ಲಿ ನನ್ನನ್ನು ಬಲ್ಲವರಿದ್ದಾರೆ, ಅಕ್ಕನನ್ನು ಬಲ್ಲವರಿದ್ದಾರೆ. "ಹೆಸರು ಯಾಕಕ್ಕಾ? ಮಂದಿ ನೂರು ಕೇಳ್ತಾರ."

"ಮಂದಿ ಇದನ್ನ ರಕ್ತ ಅಂದ್ರ ನಡೀತೈತಿ, ನೀಲವ್ವ ಅಂದ್ರ ನಡ್ಯೂದಿಲ್ಲೇನು?"

 ಅವಳು ಹೇಳಿದ್ದನ್ನೇ ಬರೆದುಕೊಟ್ಟೆ. ಏಳುವಾಗ ಅಕ್ಕ ದಾದಾಪೀರನನ್ನು ಕೇಳಿದಳು, "ಆಕಿ ಅದಾಳೇನಪ್ಪ? ಹೊಸಾ ಬಿಲ್ಡಿಂಗಿನಾಗ ಕೇಳಿ ನೋಡ್ತೀ?" ಕೇಳುತ್ತೇನೆಂದು ಅವನು ಹೋದ.

ಮುಂದಿನ ದಿನಗಳಲ್ಲಿ ನಾನು ಅಕ್ಕನನ್ನು ಕದ್ದು ಕದ್ದು ನೋಡುತ್ತಿದ್ದೆ. ಅನ್ನವನ್ನು ಪೂರ್ತಿ ಉಣ್ಣುತ್ತಿದ್ದಾಳೆಯೇ, ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದ್ದಾಳೆಯೇ ಎಂದು. "ನನ್ನ ಮಾರಿ ಮ್ಯಾಲೇನು ಶ್ಲೋಕ ಬರದೈತೇನು, ಹಂಗ ಓದಾಕತ್ತೀಯಲ್ಲ" ಎಂದು ಅವಳೇ ಗದರಿದಳು. ಆದರೂ ಸಂಜೆಗಳಲ್ಲಿ ಎಲೆಗೆ ಸುಣ್ಣ ಸವರುತ್ತ ಅವಳ ಕೈ ನಿಂತುಬಿಡುವುದನ್ನು ನಾನು ಕಂಡೆ. ನಮ್ಮ ಮನೆಗೆ ಬಂದ ಲಾಗಾಯ್ತು ಅವಳು ನಮ್ಮ ಹೊಸ್ತಿಲನ್ನು ಸಾರಿಸಿದವಳಲ್ಲ. ಪದ್ಧತಿಯೆಂದು ನಾವೂ ಅದನ್ನು ಗಮನಿಸಿರಲಿಲ್ಲ. ಗಂಡನ ಮನೆಯದು ಕೈತಪ್ಪಿತ್ತು, ತವರಿನದು ಅವಳದಲ್ಲ. ಇಡೀ ಆಯುಷ್ಯದಲ್ಲಿ ತನ್ನದೆನ್ನಲು ಅವಳಿಗೆ ದಕ್ಕಿದ್ದು ಆ ವಾರ್ಡಿನದೊಂದೇ. ಅದನ್ನೂ ಇನ್ನೇನು ಕೆಡವಲಿದ್ದರು.

ವಾರ ಕಳೆದ ಮೇಲೆ ದಾದಾಪೀರನ ಫೋನು ಬಂತು. "ಸರ್, ಜೈತುನಬಿ ಇಂತಕಾಲ ಆಗ್ಯಾರಂತ್ರಿ, ತೀರಿಹೋಗ್ಯಾರ. ಹೊಸಾ ಬಿಲ್ಡಿಂಗಿಗೆ ಹೋಗೂದಕ್ಕಿಂತ ಮೊದಲ. ಅದ ವಾರ್ಡಿನಾಗ." ನಾನು ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿರುವಾಗ ಅಕ್ಕ ಎದುರಿಗೆ ಬಂದು ನಿಂತಳು. ನನ್ನ ಮುಖವನ್ನು ನೋಡಿದಳು. "ಹೂಂ" ಎಂದಳು. ಒಳಗೆ ಹೋಗಿ ದೇವರ ಮುಂದೆ ಕುಳಿತಳು. ಅಂದು ಎಲೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ವಿಭೂತಿ ಧರಿಸುತ್ತಿದ್ದೆ. ಬಾಗಿಲ ಬಳಿ ಸುಮಾಳ ದನಿ ಕೇಳಿಸಿತು. ಅಂಗಡಿಯ ಪೊಟ್ಟಣದ ಕೆಂಪು ಪುಡಿಯನ್ನು ಅವಳು ಹೊಸ್ತಿಲ ಪಕ್ಕಕ್ಕಿಟ್ಟಿದ್ದಳು.

"ಅತ್ತಿ, ಇವತ್ತಿನಿಂದ ಹೊಸ್ತಿಲು ನೀವ ಸಾರಿಸ್ರಿ. ಮಾವನೋರೇನೂ ಅನ್ನೂದಿಲ್ಲ."

ನಾನು ಏನೂ ಅನ್ನುವವನಲ್ಲ. ಅನ್ನುವ ಅಧಿಕಾರವೂ ನನಗಿಲ್ಲವೆಂದು ಈಗ ತಿಳಿದಿತ್ತು. ವಿಭೂತಿಯ ಬೆರಳನ್ನು ಹಣೆಯ ಮೇಲೆಯೇ ನಿಲ್ಲಿಸಿ ಅಕ್ಕನ ಉತ್ತರಕ್ಕೆ ಕಾದೆ.

"ಬ್ಯಾಡವಾ" ಎಂದಳು ಅಕ್ಕ. "ಇದು ನಿನ್ನ ಹೊಸ್ತಿಲು. ನೀನ ಹಚ್ಚು."

 ಅವಳ ಹೆಜ್ಜೆ ಹಿತ್ತಲಿನ ಕಡೆಗೆ ಹೋಯಿತು. ಹೋದ ವರ್ಷ ನಮ್ಮ ಬಚ್ಚಲಿನ ಹಂಡೆಯ ಒಲೆಯನ್ನು ಕೆಡವಿಸಿದ್ದೆವು. ಅದರ ಇಟ್ಟಂಗಿಗಳು ತುಳಸಿಕಟ್ಟೆಯ ಹಿಂದೆ ಬಿದ್ದಿವೆ. ಅವುಗಳಿಗೆ ದಿನವೂ ಎಡವಿ, ದಿನವೂ ತೆಗೆಸುತ್ತೇನೆಂದು ಹೇಳುವುದು ನನ್ನ ನಿತ್ಯಕರ್ಮಗಳಲ್ಲೊಂದು. ಅಕ್ಕ ಸೆರಗಿನ ಉಡಿಯಲ್ಲಿ ಇಟ್ಟಂಗಿಯ ಚೂರುಗಳನ್ನು ಕಟ್ಟಿಕೊಂಡು ಬಂದಳು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮುಂದೆ ಚಟ್ನಿ ಅರೆಯುವ ಹಳೆಯ ಕಲ್ಲನ್ನು ಎಳೆದುಕೊಂಡಳು.

"ಪಾಕೀಟಿಂದು ಅತ್ತ ಇಡು" ಎಂದಳು. "ನಾ ಅರದು ಕೊಡ್ತೇನಿ."